ಯಾರೂ ಮುಟ್ಟಿಲ್ಲ ಅಂದೆ

ಕೂಕಟ್‌ಪಲ್ಲಿ,
ಜೂನ್ ೧೪, ಶನಿವಾರ

ಪ್ರೀತಿಯ ಅವ್ವನಿಗೆ, ಸಂಪದಾ ಮಾಡುವ ನಮಸ್ಕಾರಗಳು.

ನಾಳೆ ಬೆಳಗಿನ ಬಸ್ಸಿಗೆ ಅಪ್ಪ ಆದಿಲಾಬಾದಿಗೆ ಬರುತ್ತಾರಲ್ಲ, ಅವರ ಕೈಯಲ್ಲೇ ಈ ಪತ್ರ ಕಳಿಸುತ್ತಿದ್ದೇನೆ. ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಎಂದು ನಿನಗೆ ಅನಿಸಬಹುದು. ಫೋನಿನಲ್ಲಿ ನೀನು 'ಊಟ ಆತೇನು, ಆರಾಮ ಇದ್ದೀಯಿಲ್ಲೋ' ಎಂದು ಕೇಳಿದ ಕೂಡಲೇ ನನ್ನ ಬಾಯಿಂದ 'ಹೂಂ' ಹೊರಟುಬಿಡುತ್ತದೆ. ಗುರುವಾರವೂ ಹಾಗೇ ಆಯಿತು. ಹಿಂದಿನ ಗದ್ದಲ ಕೇಳಿ ಎಲ್ಲಿದ್ದೀ ಎಂದು ನೀನು ಕೇಳಿದೆ. ಮೆಟ್ರೋ ಸ್ಟೇಷನ್ನಿನಲ್ಲಿ ಎಂದೆ. ನಾನು ಕೂತಿದ್ದದ್ದು ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ.

ಮೊದಲೇ ಹೇಳಿಬಿಡುತ್ತೇನೆ, ಈಗ ಆರಾಮಾಗಿದ್ದೇನೆ. ಜ್ವರವಿಲ್ಲ, ಊಟ ಸೇರುತ್ತಿದೆ. ಓದುತ್ತಾ ಗಾಬರಿಯಾದರೆ ಈ ಸಾಲಿಗೆ ಮರಳಿ ಬಾ.

ಪಶುವೈದ್ಯಕೀಯ ಓದುತ್ತೇನೆ ಎಂದಾಗ ನೀನು ಬೇಡ ಅನ್ನಲಿಲ್ಲ. ಮೊಬೈಲಿನಲ್ಲಿ ನಾಯಿಮರಿ ನೋಡಿ ಮುದ್ದು ಬರುವುದು ಬೇರೆ, ಸಗಣಿ ಗಂಜಲದ ನಡುವೆ ನಿಂತು ದುಡಿಯುವುದು ಬೇರೆ ಎಂದಷ್ಟೇ ಹೇಳಿದೆ. ಪರೀಕ್ಷೆ ಮುಗಿಸಿ ಎರಡು ತಿಂಗಳು ಪ್ರಾಣಿಗಳ ಕೆಲಸ ಮಾಡು, ಮಾಡಿದಳು ಎಂದು ಡಾಕ್ಟರು ಬರೆದುಕೊಟ್ಟರೆ ಅರ್ಜಿಗೆ ಸಹಿ ಹಾಕುತ್ತೇನೆ ಎಂದೆ. ಆ ಮಾತಿನ ಮೇಲೆಯೇ ನಾನು ಉಪ್ಪಲ್‌ನ ಶ್ರೀಲಕ್ಷ್ಮಿ ಮೇಡಂ ಅವರ ಕ್ಲಿನಿಕ್ಕಿಗೆ ಹೋಗತೊಡಗಿದ್ದು.

ಮೊದಲ ದಿನವೇ ಮೇಡಂ ಒಂದು ಪ್ರಶ್ನೆ ಕೇಳಿದರು. ಪ್ರಾಣಿಗಳ ಜೊತೆ ಕೆಲಸ ಮಾಡುವವರು ರೇಬೀಸ್ ಬಾರದಂತೆ ಮುಂಚೆಯೇ ಚುಚ್ಚುಮದ್ದು ಹಾಕಿಸಿಕೊಂಡಿರಬೇಕು, ನಿನ್ನದು ಆಗಿದೆಯೇ ಎಂದು. ಆಗಿದೆ ಎಂದೆ. ಅವ್ವ, ಆಗಿರಲಿಲ್ಲ. ಹುಚ್ಚುನಾಯಿ ರೋಗದ ಹೆಸರು ಕಿವಿಗೆ ಬಿದ್ದರೆ ನೀನು ಆ ದಿನವೇ ನಿಲ್ಲಿಸಿಬಿಡುತ್ತೀ ಎಂದುಕೊಂಡೆ. ಮುಂದಿನ ವಾರ ಹಾಕಿಸಿಕೊಂಡರಾಯಿತು ಎಂದು ಹೊರಟವಳು ಆ ವಾರವನ್ನು ಮರೆತೇಬಿಟ್ಟೆ.

ಕೆಲಸ ಮಾತ್ರ ಮನಸ್ಸಿಟ್ಟು ಮಾಡಿದೆ. ಗೂಡು ತೊಳೆದೆ. ಹೊಟ್ಟೆಯ ಪಕ್ಕೆ ನೋಡಿಯೇ ಉಸಿರು ಎಣಿಸುವುದನ್ನು ಕಲಿತೆ. ಒಮ್ಮೆ ಆಡು ಎರಡು ಮರಿ ಹಾಕಿದಾಗ ಎರಡನೆಯದರ ಮೂಗು ಒರೆಸಿ ಉಜ್ಜಿ ಉಸಿರಾಡಿಸಿದ್ದು ನಾನೇ. ಆ ದಿನ ಮೇಡಂ ನನ್ನ ಭುಜ ತಟ್ಟಿದರು. ಅದು ನನ್ನ ತಲೆಗೇರಿತೋ ಏನೋ.

ಸೋಮವಾರ ಬೆಳಿಗ್ಗೆ ಮೇಡಂ ಫೋನು ಮಾಡಿ, ಗದಿಗೆಮ್ಮನ ಎಮ್ಮೆ ಮೇವು ಬಿಟ್ಟಿದೆಯಂತೆ, ನಾನು ಕಾರಿನಲ್ಲಿ ಬರುತ್ತೇನೆ, ನೀನು ನೇರ ಅಲ್ಲಿಗೇ ಬಾ, ಬಂದು ದೂರ ನಿಂತಿರು, ಮುಟ್ಟಬೇಡ ಎಂದರು. ಗದಿಗೆಮ್ಮ ಯಾದಗಿರಿ ಕಡೆಯವಳು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದು, ಅವನು ತೀರಿಕೊಂಡ ಮೇಲೆ ಎರಡು ಎಮ್ಮೆ ಕಟ್ಟಿಕೊಂಡು ಉಪ್ಪಲ್‌ನ ಅಂಚಿನಲ್ಲಿ ಉಳಿದುಬಿಟ್ಟಳು. ಸುತ್ತಲಿನ ಅಪಾರ್ಟ್‌ಮೆಂಟುಗಳಿಗೆ ಹಾಲು ಹಾಕುತ್ತಾಳೆ. ನನ್ನ ಕನ್ನಡ ಕೇಳಿದರೆ ಅವಳಿಗೆ ತವರಿನವರು ಬಂದಷ್ಟು ಹಿಗ್ಗು.

ನಾನು ಹೋಗುವ ಹೊತ್ತಿಗೆ ಅವಳು ಕಾಶಿ ಎಂಬ ಎಮ್ಮೆಯ ಬಾಯಿಗೆ ಮೊಣಕೈವರೆಗೆ ಕೈ ಹಾಕಿ ತಡಕಾಡುತ್ತಿದ್ದಳು. ಎಮ್ಮೆಯ ಬಾಯಿಂದ ಜೊಲ್ಲು ಹಗ್ಗದ ಹಾಗೆ ನೆಲಕ್ಕಿಳಿದಿತ್ತು. 'ಮಾವಿನ ವಾಟೆ ಸಿಕ್ಕೊಂಡೈತಿ ಕಾಣತೈತಿ ತಂಗಿ, ನೀರು ಸೈತ ಇಳಿಯಾಕತ್ತಿಲ್ಲ' ಎಂದಳು. ಹಲ್ಲು ತಾಗಿ ಅವಳ ಮುಂಗೈ ತರಚಿ ರಕ್ತ ಒಸರುತ್ತಿತ್ತು. 'ನಿನ್ನ ಕೈ ಸಣ್ಣದೈತಿ, ನೋಡ್ತೀಯೇನು' ಎಂದು ಕೇಳಿದಳು.

ಮೇಡಂ ಬರುವುದರೊಳಗೆ ವಾಟೆ ತೆಗೆದು ತೋರಿಸಬೇಕು ಎಂಬ ಆಸೆ ಬಂತು. ಬಲಗೈ ಹಾಕಿದೆ. ಹಿಂದಿನ ದಿನವಷ್ಟೇ ಬೆಕ್ಕಿನ ಮರಿ ಪರಚಿದ ಗಾಯ ಹೆಬ್ಬೆರಳ ಬುಡದಲ್ಲಿ ಹಸಿಯಾಗಿಯೇ ಇತ್ತು. ಗಂಟಲವರೆಗೂ ತಡಕಿದೆ. ಅಲ್ಲಿ ಏನೂ ಇರಲಿಲ್ಲ.

ಕೈ ಒರೆಸಿಕೊಳ್ಳುತ್ತಿದ್ದಂತೆ ಕಾರು ಬಂತು. ಮೇಡಂ ಎಮ್ಮೆ ಕಟ್ಟುವ ತಬೇಲಾದ ಒಳಗೆ ಬಂದವರು ಎಮ್ಮೆಯಿಂದ ನಾಲ್ಕು ಮಾರು ದೂರದಲ್ಲೇ ನಿಂತುಬಿಟ್ಟರು. ಅಷ್ಟರಲ್ಲಿ ಕಾಶಿ ಕೂಗಿತು. ಅಂಥ ಕೂಗನ್ನು ನಾನು ಕೇಳಿರಲಿಲ್ಲ ಅವ್ವ, ಗಂಟಲು ಹರಿದಂತೆ ಒಡಕಾಗಿತ್ತು. ಈ ಎಮ್ಮೆಗೆ ನಾಯಿ ಕಚ್ಚಿತ್ತೇ ಎಂದು ಮೇಡಂ ಕೇಳಿದರು. ಯುಗಾದಿ ಆದ ವಾರ ಹಿಂಗಾಲಿಗೆ ಕಚ್ಚಿತ್ತು, ಅರಿಶಿನ ಹಚ್ಚಿದೆ, ಮಾಯಿತು ಎಂದಳು ಗದಿಗೆಮ್ಮ. ಮೇಡಂ ಅವರ ಮುಖ ಬದಲಾಯಿತು. ಇದರ ಬಾಯಿಗೆ ಯಾರಾದರೂ ಕೈ ಹಾಕಿದ್ದೀರಾ, ಹಾಕಿದ್ದರೆ ಇವತ್ತೇ ಆಸ್ಪತ್ರೆಗೆ ಹೋಗಬೇಕು ಎಂದು ತೆಲುಗಿನಲ್ಲಿ ಕೇಳಿದರು.

ಇಲ್ಲ ಮೇಡಂ, ಯಾರೂ ಮುಟ್ಟಿಲ್ಲ ಎಂದೆ.

ಕೇಳಿದ್ದು ಇಬ್ಬರನ್ನೂ. ಉತ್ತರ ಹೇಳಿದ್ದು ನಾನು. ಗದಿಗೆಮ್ಮ ನನ್ನ ಮುಖ ನೋಡಿದಳು, ತನ್ನ ಕೈಯನ್ನು ಸೆರಗಿನಡಿ ಸರಿಸಿಕೊಂಡಳು. ಓದಿದ ಹುಡುಗಿ ಹೀಗೆ ಹೇಳಿದಳೆಂದರೆ ಅದಕ್ಕೇನೋ ಕಾರಣವಿರಬೇಕು ಎಂದು ನಂಬಿದಳಂತೆ. ಇದ್ದ ಕಾರಣ ಒಂದೇ. ಮುಟ್ಟಬೇಡ ಎಂದದ್ದನ್ನು ಮುಟ್ಟಿದ್ದೇನೆ, ಚುಚ್ಚುಮದ್ದಿನ ಸುಳ್ಳೂ ಹೊರಬೀಳುತ್ತದೆ, ಮೇಡಂ ಪತ್ರ ಕೊಡುವುದಿಲ್ಲ, ನೀನು ಸಹಿ ಹಾಕುವುದಿಲ್ಲ. ಅಷ್ಟೇ.

ಮೇಡಂ ಕಾಶಿಯನ್ನು ಬೇರೆ ಕಟ್ಟಿಸಿ, ಹತ್ತಿರ ಹೋಗಬೇಡಿ, ಇದರ ಹಾಲು ಚೆಲ್ಲಿ ಎಂದು ಹೇಳಿದರು. ಇನ್ನೊಂದು ಎಮ್ಮೆಗೆ ಸೂಜಿ ಚುಚ್ಚಿದರು. ನಾನು ಕ್ಲಿನಿಕ್ಕಿಗೆ ಬಂದು ಬಚ್ಚಲಲ್ಲಿ ಸಾಬೂನು ಹಚ್ಚಿ ಕೈ ತೊಳೆದೆ, ಮತ್ತೆ ಮತ್ತೆ ತೊಳೆದೆ. ಎಮ್ಮೆಗೆ ಬೇರೇನೋ ಆಗಿರಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮಂಗಳವಾರ ಅಪ್ಪ ಬಡಿಸಿದ ನೀರು ಸಾರು ಗಂಟಲಲ್ಲಿ ತಡೆದಂತಾಗಿ, ಎದ್ದು ಹೋಗಿ ಕನ್ನಡಿಯ ಮುಂದೆ ಒಂದು ಲೋಟ ನೀರು ಗಟಗಟ ಕುಡಿದು ನೋಡಿದೆ. ಇಳಿಯಿತು. ಆದರೂ ಅರ್ಧ ಗಂಟೆಗೊಮ್ಮೆ ಕುಡಿದು ನೋಡುವುದು ತಪ್ಪಲಿಲ್ಲ. ರೋಗ ಅಷ್ಟು ಬೇಗ ಕಾಣಿಸುವುದಿಲ್ಲ ಎಂದು ಪುಸ್ತಕದಲ್ಲಿ ಓದಿದ್ದವಳೇ ನಾನು.

ಬುಧವಾರ ಬೆಳಿಗ್ಗೆ ಕಾಶಿ ಸತ್ತಿತು. ಗುರುವಾರ ಮಧ್ಯಾಹ್ನ ಲ್ಯಾಬಿನಿಂದ ವರದಿ ಬಂತು. ರೇಬೀಸೇ. ಸದ್ಯ ಯಾರೂ ಮುಟ್ಟಿರಲಿಲ್ಲ, ದೇವರು ದೊಡ್ಡವನು ಎಂದರು ಮೇಡಂ. ಕೈಲಿದ್ದ ತಟ್ಟೆ ಕೆಳಗಿಟ್ಟೆ. ತಲೆ ಸುತ್ತುತ್ತಿದೆ ಎಂದು ಹೇಳಿ ಹೊರಗೆ ಬಂದೆ.

ಮನೆಗೆ ಹೋಗಲಿಲ್ಲ, ತಬೇಲಾಕ್ಕೆ ಹೋದೆ. ಆಗಲೂ ನನ್ನ ಯೋಚನೆ ನೆಟ್ಟಗಿರಲಿಲ್ಲ ಅವ್ವ. ಗದಿಗೆಮ್ಮನನ್ನು ಸುಮ್ಮನೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಬ್ಬರೂ ಸೂಜಿ ಹಾಕಿಸಿಕೊಂಡರೆ ಮೇಡಂಗೆ ತಿಳಿಯುವುದೇ ಬೇಡ ಎಂದುಕೊಂಡಿದ್ದೆ. ಅವಳು ಉಳಿದ ಎಮ್ಮೆಯ ಹಾಲು ಹಿಂಡಲು ಕೂತಿದ್ದಳು.

'ಆಯಿ, ಈಗಿಂದೀಗ ದವಾಖಾನಿಗೆ ಹೋಗೋಣ ನಡೀರಿ. ಕಾಶೀಗೆ ಹುಚ್ಚುನಾಯಿ ರೋಗ ಇತ್ತಂತ' ಎಂದೆ.

'ನೀನಽ ಯಾರೂ ಮುಟ್ಟಿಲ್ಲ ಅಂದೀ, ಡಾಕ್ಟರವ್ವ ಹೂಂ ಅಂದಳು. ಈಗ ಸೂಜಿ ಯಾಕ?' ಎಂದಳು. 'ನಾ ದವಾಖಾನಿಗೆ ಹೋಗಿದ್ದು ಗೊತ್ತಾದ್ರ ನಾಳಿಂದ ಒಬ್ಬರೂ ನನ್ನ ಹಾಲು ತಗೊಳ್ಳಂಗಿಲ್ಲ.' ಕೆಚ್ಚಲಿನಿಂದ ಕೈ ತೆಗೆಯಲೇ ಇಲ್ಲ. ಸೋಮವಾರ ಕಂಡ ತರಚು ಈಗ ಕಪ್ಪು ಹೆಪ್ಪುಗಟ್ಟಿತ್ತು.

ಅವಳನ್ನು ಒಪ್ಪಿಸಬಲ್ಲವರು ಮೇಡಂ ಒಬ್ಬರೇ. ಕೊನೆಗೆ ನಾನು ಅವರಿಗೆ ಫೋನು ಮಾಡಿ ಎಲ್ಲ ಒಪ್ಪಿಕೊಂಡೆ.

ಮೇಡಂ ಹದಿನೈದು ನಿಮಿಷದಲ್ಲಿ ಬಂದರು. ಬೈಯಲಿಲ್ಲ. ಎಷ್ಟು ಹೊತ್ತಿಗೆ ಕೈ ಹಾಕಿದ್ದು, ಯಾವ ಕೈ, ಯಾವಾಗ ತೊಳೆದದ್ದು ಎಂದು ಕೇಳಿ ಬರೆದುಕೊಂಡರು. ಇಬ್ಬರ ಕೈಯನ್ನೂ ನಲ್ಲಿಯ ಕೆಳಗೆ ಹಿಡಿಸಿ ಗಡಿಯಾರ ನೋಡುತ್ತಾ ಕಾಲು ಗಂಟೆ ತೊಳೆಸಿದರು. ಆಸ್ಪತ್ರೆಯಲ್ಲಿ ಗಾಯದ ಸುತ್ತಲೇ ಒಂದು ಔಷಧಿ ಚುಚ್ಚಿದರು, ಅದು ಭಾಳ ನೋಯಿತು. ತೋಳಿಗೆ ಮೊದಲನೆಯ ಚುಚ್ಚುಮದ್ದು ಬೇರೆ. ತಡವಾಗಿದೆ, ಆದರೂ ಒಂದನ್ನೂ ತಪ್ಪಿಸದೆ ಮುಗಿಸಿದರೆ ಹೆದರಬೇಕಾಗಿಲ್ಲ ಎಂದರು ಅಲ್ಲಿನ ಡಾಕ್ಟರು. ಬಾಲಾನಗರದ ಫ್ಯಾಕ್ಟರಿಯಿಂದ ಅಪ್ಪ ಸೀದಾ ಅಲ್ಲಿಗೇ ಬಂದರು. ನಿನಗೆ ನಾನೇ ತಿಳಿಸುತ್ತೇನೆ ಎಂದು ಅವರಿಂದ ಮಾತು ತೆಗೆದುಕೊಂಡಿದ್ದೇನೆ, ಅವರ ಮೇಲೆ ಸಿಟ್ಟಾಗಬೇಡ. ನಾಳೆ ಎರಡನೆಯದು. ಗದಿಗೆಮ್ಮನನ್ನು ನಾನೇ ಕರೆದುಕೊಂಡು ಹೋಗುತ್ತೇನೆ.

ಹೊರಡುವಾಗ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. ಪತ್ರ ಕೊಡಲಾರೆ ಎಂದರು. ಕೈ ಹಾಕಿದ್ದಕ್ಕಲ್ಲ, ಓದುವ ಕಾಲದಲ್ಲಿ ತಾವೂ ಹಾಗೆ ಹಾಕಿದ್ದುಂಟಂತೆ. ಆದರೆ ಪ್ರಾಣಿಗೆ ಮಾತು ಬರುವುದಿಲ್ಲ, ಅದರ ಪರವಾಗಿ ಹೇಳುವವರ ಮಾತು ನಂಬಿಯೇ ನಾವು ಔಷಧಿ ಕೊಡುವುದು, ನೀನು ಮೂರು ದಿನ ನನ್ನನ್ನು ಸುಳ್ಳಿನ ಮೇಲೆ ನಿಲ್ಲಿಸಿದೆ ಎಂದರು. ಚುಚ್ಚುಮದ್ದು ಎಲ್ಲ ಮುಗಿದ ಮೇಲೆ ಬರುವುದಾದರೆ ಮತ್ತೆ ಒಂದನೆಯ ದಿನದಿಂದ ಬಾ ಎಂದರು.

ಹೋಗಬೇಕೆಂದಿದ್ದೇನೆ. ಅಷ್ಟರಲ್ಲಿ ಈ ವರ್ಷದ ಅರ್ಜಿಯ ದಿನ ದಾಟಿಹೋಗುತ್ತದೆ. ಅಪ್ಪನ ಚೀಲದಲ್ಲಿ ನೀನು ಸಹಿ ಹಾಕಬೇಕಾದ ಕಾಗದ ಹುಡುಕಬೇಡ, ಇಟ್ಟಿಲ್ಲ. ಇದನ್ನು ಓದಿ ನಿನಗೆ ಏನನಿಸುತ್ತದೋ ಅದನ್ನು ಫೋನಿನಲ್ಲಿ ಹೇಳು. ಈ ಸಲ ಬರೀ 'ಹೂಂ' ಎನ್ನುವುದಿಲ್ಲ.

ನಿನ್ನ ಮಗಳು,
ಸಂಪದಾ

ತಾಜಾಕಲಂ: ಮೇಲೆ ಒಂದು ಕಡೆ ಮತ್ತೆ ಸುಳ್ಳು ಬರೆದಿದ್ದೇನೆ ಅವ್ವ. ಅಳಿಸಿ ತಿದ್ದಬಹುದಿತ್ತು, ಬೇಡವೆಂದು ಹಾಗೇ ಬಿಟ್ಟೆ. ಮೇಡಂಗೆ ಫೋನು ಮಾಡಿದ್ದು ನಾನಲ್ಲ. ನಂಬರು ತೆಗೆದು ಹಿಡಿದುಕೊಂಡೇ ನಿಂತಿದ್ದೆ, ಒತ್ತಲು ಆಗಲಿಲ್ಲ. ನಿಂತವಳು ಅಳತೊಡಗಿದೆ. ನಾನೂ ಕೈ ಹಾಕಿದ್ದೆನಲ್ಲ, ನನಗೆ ಯಾವ ಸೂಜಿಯೂ ಆಗಿಲ್ಲ ಆಯಿ ಎಂದೆ. ಅದನ್ನು ಕೇಳಿದ್ದೇ ಗದಿಗೆಮ್ಮ ಹಾಲಿನ ಚರಿಗೆ ಬದಿಗಿಟ್ಟು ಎದ್ದಳು. 'ಹಚ್ಚು ಫೋನು, ನಾ ಮಾತಾಡ್ತೀನಿ' ಎಂದು ಕಸಿದುಕೊಂಡಳು. ತನ್ನ ಹರಕು ತೆಲುಗಿನಲ್ಲಿ ಇಬ್ಬರದನ್ನೂ ಅವಳೇ ಒಪ್ಪಿಕೊಂಡಳು. ಹಾಲು ಕೊಳ್ಳುವ ಮನೆಗಳು ತಪ್ಪಿಹೋದರೆ ಏನು ಮಾಡುತ್ತೀರಿ ಎಂದು ಆಮೇಲೆ ಕೇಳಿದೆ. 'ನಂದಿರಲಿ ಬಿಡು, ನನಗ ಅರವತ್ತಾತು' ಎಂದಳು. 'ನಿಮ್ಮವ್ವಗ ಯಾರು ಉತ್ತರ ಕೊಡೋರು?'