ಮಡಚಿದ ಹೆಬ್ಬೆರಳು

ಭಾನುವಾರ, ಮಾರ್ಚ್ ೯

ಆ ಹೆಬ್ಬೆರಳುಗಳು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ತಂಗಿಯ ಮಗು ಹುಟ್ಟಿ ತಿಂಗಳಾಯಿತು, ಎರಡೂ ಇನ್ನೂ ಅಂಗೈಯೊಳಗೇ ಮಡಚಿಕೊಂಡಿವೆ.

"ಜಿಪುಣ ಕಣೇ ಇವನು! ನನ್ನ ತಮ್ಮನೂ ಹೀಗೇ, ಮುಷ್ಟಿ ಬಿಡ್ತಾನೇ ಇರ್ಲಿಲ್ಲ," ಎಂದು ಅಮ್ಮ ನಕ್ಕಳು. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ.

ವರ್ಷಗಳಿಂದ ಲ್ಯಾಬಿನಲ್ಲಿ ನನ್ನ ಜೀವ ತಿನ್ನುತ್ತಿರುವುದು ಒಂದೇ ಒಂದು ಪ್ರೋಟೀನು. ಮಿದುಳು ಬೆಳೆಯುವಾಗ ನರದ ಎಳೆಗಳು ಒಂದಕ್ಕೊಂದು ಅಂಟಿಕೊಂಡು ದಾರಿ ಹಿಡಿಯುವುದು ಅದರಿಂದ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಎಳೆಗಳಿಗೆ ಬೇಕೆಂದೇ ಅದನ್ನು ತಪ್ಪಿಸಿ, ಅವು ದಿಕ್ಕೆಟ್ಟಾಗ ಪ್ರಯೋಗ ಗೆದ್ದಿತೆಂದು ಹಿಗ್ಗಿದವಳು ನಾನು. ಹುಟ್ಟಿನಿಂದಲೇ ಅದು ಕೆಟ್ಟಿರುವ ಗಂಡುಮಕ್ಕಳ ಕೈಯ ಚಿತ್ರವನ್ನು ಪ್ರತಿ ಉಪನ್ಯಾಸದಲ್ಲೂ ತೋರಿಸುತ್ತೇನೆ. ಆ ದೋಷ ಬರುವುದು ತಾಯಿಯ ಕಡೆಯಿಂದ.

"ಅಕ್ಕಾ, ಬೆರಳು ಯಾವಾಗ ಬಿಚ್ಕೊಳ್ಳತ್ತೆ?" ಎಂದಳು ತಂಗಿ.

"ನಾಳೆ ಡಾಕ್ಟರಿಗೆ ತೋರಿಸೋಣ. ನಾನೂ ಬರ್ತೀನಿ."

"ನೀನು ರಜ ಹಾಕ್ತೀಯಾ? ಯಾಕೆ?"

"ಸುಮ್ನೆ."

ಮಗುವಿನ ಹೆಬ್ಬೆರಳನ್ನು ಮೆಲ್ಲಗೆ ಬಿಡಿಸಿ ನೋಡಿದೆ. ಕೈ ತೆಗೆದ ಕೂಡಲೇ ಮತ್ತೆ ಒಳಗೆ ಹೋಯಿತು. ನನ್ನ ಊಹೆ ಸುಳ್ಳಾಗಲಿ, ನನ್ನ ಓದಿಗೆ ಬೆಂಕಿ ಬೀಳಲಿ ಎಂದುಕೊಳ್ಳುತ್ತಲೇ ಮನೆಗೆ ಬಂದೆ.

ಆದರೆ ಅಮ್ಮನ ಆ ತಮ್ಮನನ್ನು ನಾವ್ಯಾರೂ ಕಂಡಿಲ್ಲ. ವರ್ಷ ತುಂಬುವ ಮೊದಲೇ ಅವನು…