ಕಾಲು ಮಾತ್ರೆ

ಜನವರಿ ೯, ಮಂಗಳವಾರ

ಇವತ್ತೂ ಒಂದು ಮಾತ್ರೆ, ನಾಲ್ಕು ತುಂಡು. ನಾಲ್ಕೂ ಒಂದೇ ಅಳತೆ. ಅಬ್ಬಾಗೆ ಪ್ರಾಸ್ಟೇಟ್ ತೊಂದರೆಗೆ ಡಾಕ್ಟರು ಬರೆದುಕೊಟ್ಟ ಫಿನಾಸ್ಟರೈಡ್. ಅದರ ಕಾಲು ಭಾಗ ದಿನಾ ತಿಂದರೆ ಕೂದಲು ಉದುರುವುದು ನಿಲ್ಲುತ್ತದೆ ಅಂತ ಯೂಟ್ಯೂಬಿನಲ್ಲಿ ನೋಡಿದ್ದು. ಸ್ಟ್ರಿಪ್ ಮೇಲೆ ಕೆಂಪು ಗೆರೆ — ಡಾಕ್ಟರ ಚೀಟಿ ಇಲ್ಲದೆ ತಿನ್ನಬೇಡಿ ಅಂತ. ಚೀಟಿ ಇದೆಯಲ್ಲ… ಅಬ್ಬಾ ಹೆಸರಲ್ಲಿ.

ಚಾಕುವಿನಲ್ಲಿ ಪುಡಿಯಾಗುತ್ತದೆ. ಬೊಂಬೆಗೆ ಗೆರೆ ಕೊರೆಯುವ ಸಣ್ಣ ಉಳಿಯಾದರೆ ಒಂದೊಂದೇ ಏಟು. ಹಾರಿದ ಚೂರನ್ನು ಮುಬಶ್ಶಿರಾ ಬೆರಳಿಗೆ ನೀರು ಹಚ್ಚಿ, ಒತ್ತಿ ಎತ್ತುತ್ತಾಳೆ. ನಾನೇ ಕಡೆದ ಡಬ್ಬಿಗೆ ತುಂಬಿಡುತ್ತಾಳೆ. ಮದುವೆಯಾಗಿ ಎರಡು ವರ್ಷ. ನನ್ನ ತಲೆಯ ಚಿಂತೆ ನನಗಿಂತ ಅವಳಿಗೇ ಹೆಚ್ಚು.

ಪಕ್ಕದ ಲೇತಿನಲ್ಲಿ ಬೊಂಬೆ ಕಡೆಯುವ ಕೆಂಚಯ್ಯ ಇವತ್ತೂ ಬಿಡಲಿಲ್ಲ. "ಅತೀಕಾ, ಪಾಲಿಶ್ ಚೆನ್ನಾಗ್ ಬಂದೈತೆ ಕಣ್ಲಾ. ಬೊಂಬೆಗಲ್ಲ, ನಿನ್ ನೆತ್ತಿಗೆ." ನಗಲಿ. ಆರು ತಿಂಗಳು ತಡಿ.

ಫೆಬ್ರವರಿ ೨೦

ಎರಡು ತಿಂಗಳು ಅಂದರು ಡಾಕ್ಟರಮ್ಮ. ಮುಬಶ್ಶಿರಾ ಹೊಟ್ಟೆ ನೋಡಿದೆ. ಏನೂ ಕಾಣುವುದಿಲ್ಲ. ಆದರೂ ಅಲ್ಲಿ ಒಬ್ಬರು ಇದ್ದಾರೆ…

ಯಾರ್ಯಾರ ಮಕ್ಕಳಿಗೋ ಎಷ್ಟು ಗಿಲಕಿ ಕಡೆದೆ. ಲೇತಿನ ಮುಂದೆ ಕೂರಿಸಿ ಅಬ್ಬಾ ಕಲಿಸಿದ ಮೊದಲ ಪಾಠ: ಮಗು ಬೊಂಬೆಯನ್ನು ಮೊದಲು ನೋಡುವುದು ಬಾಯಲ್ಲಿ. ಮೇಲಿನ ಅರಗು ಎಲ್ಲೂ ಬಿಟ್ಟಿರಬಾರದು.

ಮಾರ್ಚ್ ೨, ಶನಿವಾರ

ಇನ್ನೊಂದು ಸ್ಟ್ರಿಪ್ ಕೇಳಿದ್ದೇ ತಡ, ಮೆಡಿಕಲ್ ಸ್ಟೋರ್ ಸ್ವಾಮಿ ಹಿಡಿದೇಬಿಟ್ಟರು. "ನಿಮ್ ತಂದೆಗೆ ಹೋದ್ವಾರ ತಾನೆ ಕೊಟ್ಟೆ?" ಬಾಯಿಬಿಟ್ಟೆ. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

"ಮುರಿಯೋರು ಯಾರು?"

"ನಾನು. ಎತ್ತಿಡೋದು ಮನೆಯವಳು."

"ಅವ್ರಿಗೇನಾದ್ರೂ ವಿಶೇಷವಾ?"

ಹೌದು ಅಂದೆ. ಪೆಟ್ಟಿಗೆಯೊಳಗಿನ ಕಾಗದ ಬಿಚ್ಚಿದರು. ಇರುವೆ ಸಾಲಿನ ಹಾಗೆ ಅಕ್ಷರ.

"ಬಸುರಿ ಹೆಂಗಸ್ರು ಮುರಿದ ಮಾತ್ರೆ ಮುಟ್ಬಾರ್ದು ಅಂತ ಬರ್ದವ್ರೆ. ಇಡೀ ಮಾತ್ರೆ ಮ್ಯಾಲೆ ಒಂದ್ ಪದರ ಐತೆ, ಅದು ಕಾಪಾಡ್ತದೆ. ನೀವು ಅದ್ನೇ ಒಡ್ದಿದೀರ. ಹೊಟ್ಟೇಲಿರೋದು ಗಂಡಾದ್ರೆ ಅದರ ಅಂಗ ಬೆಳೆಯೋದ್ರಲ್ಲಿ ತೊಂದ್ರೆ ಆಗ್ಬೋದಂತೆ. ಹೆಣ್ಣಾದ್ರೆ ಆ ಭಯ ಇಲ್ಲ."

ಪದರ. ಇಪ್ಪತ್ತು ವರ್ಷದಿಂದ ಬೊಂಬೆಗೆ ಅರಗಿನ ಪದರ ಹಾಕುವುದೇ ನನ್ನ ಕಸುಬು. ಅಂಥವನು ಉಳಿ ಹಿಡಿದು ಒಡೆದೆ, ಅಳತೆ ಸರಿಬಂತು ಅಂತ ಹೆಮ್ಮೆ ಬೇರೆ ಪಟ್ಟೆ. ಎಲ್ಲೋ ಕೂತ ಯಾರೋ, ನೀರು ಹಚ್ಚಿದ ಮುಬಶ್ಶಿರಾ ಬೆರಳನ್ನು ಮೊದಲೇ ಕಂಡವರ ಹಾಗೆ ಎಚ್ಚರಿಕೆ ಬರೆದಿಟ್ಟಿದ್ದಾರೆ.

ಮಾರ್ಚ್ ೩

ಹೇಳಿದೆ. ಬೈಯಲಿಲ್ಲ. ಮುಬಶ್ಶಿರಾ ತನ್ನ ಬೆರಳನ್ನೇ ನೋಡಿಕೊಂಡು ಕೂತಳು. ಚೂರುಗಳನ್ನು ಸ್ವಾಮಿಗೆ ಒಪ್ಪಿಸಿ ಬಂದೆ. ಡಬ್ಬಿ ಒಲೆಗೆ.

ಮೇ ೧೭, ಶುಕ್ರವಾರ

ಬರೆಯಲು ಕೈ ಏಳಲಿಲ್ಲ ಇಷ್ಟು ದಿನ.

ಸ್ಕ್ಯಾನಿಂಗ್ ಇವತ್ತು. ಪರದೆ ಮೇಲೆ ಎದೆ ಬಡಿಯುವುದು ಕಂಡಿತು. ಅವರೆಕಾಳಿನಷ್ಟು, ಆದರೆ ಏನು ವೇಗ… ಯಾವ ಲೇತೂ ಹಾಗೆ ಓಡುವುದಿಲ್ಲ. ಕೈಕಟ್ಟಿ ನಿಂತುಬಿಟ್ಟೆ.

ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. "ಬೆರಳಲ್ಲಿ ಮುಟ್ಟಿದ್ರೆ ಒಳಗೆ ಹೋಗೋದು ತೀರಾ ಕಮ್ಮಿ. ತೊಂದರೆ ಆಗಿರಲ್ಲ ಅನ್ಸುತ್ತೆ. ಆದ್ರೆ ಆಗೇ ಇಲ್ಲ ಅಂತ ಬರ್ಕೊಡೋಕಾಗಲ್ಲ."

"ಗಂಡೋ ಹೆಣ್ಣೋ, ಅದೊಂದು ಹೇಳಿಬಿಡಿ ಮೇಡಂ."

ಗೋಡೆಯ ಬೋರ್ಡು ತೋರಿಸಿದರು. ಲಿಂಗ ಪತ್ತೆ ಶಿಕ್ಷಾರ್ಹ ಅಪರಾಧ.

"ಹೆಣ್ಣು ಅನ್ನಿ ಸಾಕು. ನೆಮ್ಮದಿಯಾಗಿರ್ತೀನಿ."

ಬರೆಯುತ್ತಿದ್ದ ಪೆನ್ನು ನಿಂತಿತು. "ಹದಿನೆಂಟು ವರ್ಷ ಆಯ್ತು ಈ ರೂಮಲ್ಲಿ. ಹೆಣ್ಣು ಅನ್ನಿ ಅಂತ ಬೇಡಿಕೊಂಡವರು ನೀವೇ ಮೊದಲು."

ಆದರೂ ಹೇಳಲಿಲ್ಲ. ಸಿಟ್ಟು ಬಂತು. ಆಮೇಲೆ ಹೊಳೆಯಿತು — ಆ ಬಾಯಿ ಮುಚ್ಚಿರುವುದರಿಂದ ಎಷ್ಟು ಹೆಣ್ಣುಮಕ್ಕಳು ಬದುಕಿದ್ದಾರೋ. ಅದೂ ಒಂದು ಪದರವೇ. ಇದನ್ನೂ ಒಡೆಯಲು ಹೋಗಿದ್ದೆ.

ಸೆಪ್ಟೆಂಬರ್ ೩೦, ಬೆಳಗ್ಗೆ ೧೦.೨೦

ಹೆರಿಗೆ ವಾರ್ಡಿನ ಹೊರಗೆ. ಕೈ ಮೂರು ಸಲ ತೊಳೆದೆ. ಮುಂದಲೆ ಪೂರ್ತಿ ಬೋಳು ಈಗ. ಹೋಗಲಿ. ಇದ್ದದ್ದೆಲ್ಲ ಹೋಗಲಿ… ಅವಳು ಕೂಗುತ್ತಿದ್ದಾಳೆ.

೧೧.೪೦

ನರ್ಸ್ ಬೋರಮ್ಮ ಬಾಗಿಲು ಓರೆ ಮಾಡಿ, ಮೆಲ್ಲಗೆ: "ಬ್ಯಾಜಾರ್ ಮಾಡ್ಕೋಬ್ಯಾಡ ಕಣಪ್ಪ. ಹೆಣ್ಣು. ಇಬ್ರೂ ಚೆನ್ನಾಗವ್ರೆ."

ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಆಯಮ್ಮ ಬೇರೆಯೇ ತಿಳಿದುಕೊಂಡು ಸಮಾಧಾನ ಮಾಡಿದ್ದೇ ಮಾಡಿದ್ದು. "ಇನ್ನೊಂದ್ ಸಲ ಹೇಳಿ" ಅಂದೆ. ನನ್ನ ಮುಖ ನೋಡಿ, ಮತ್ತೆ ಹೇಳಿದರು.

ಒಳಗೆ ಕರೆದರು. ಬಟ್ಟೆ ಸರಿಸಿದರು. ತಲೆ ತುಂಬ ಕೂದಲು. ಕಪ್ಪಗೆ, ಒದ್ದೆಯಾಗಿ. ಮುಟ್ಟು ಅಂದರು. ಧೈರ್ಯ ಬರಲಿಲ್ಲ. ಕೈ ಮತ್ತೆ ಒರೆಸಿಕೊಂಡೆ. ಬೆರಳು ಹತ್ತಿರ ಹೋಯಿತೋ ಇಲ್ಲವೋ, ಮಗಳೇ ಹಿಡಿದುಕೊಂಡು, ಕಣ್ಣೂ ಬಿಡದೆ, ಬಾಯಿಗೆ —