ಒಂದು ಕುರ್ಚಿ, ಮನೆಮಂದಿಯೆಲ್ಲ

ಲೂಯಿವಿಲ್
ಮೇ 9, 1993

ಲೋವೆಲ್,

ನೀನೂ ನಿನ್ನ ಬೋಟಿನವರೂ ಕ್ಷೇಮವಾಗಿದ್ದೀರೆಂದು ತಿಳಿದಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಹಲ್ಲಿನ ಡಾಕ್ಟರ ಆಫೀಸಿನಲ್ಲಿ ನನ್ನ ಜೊತೆಯವಳು ಹೆರಿಗೆಗೆ ಹೋಗಿದ್ದಾಳೆ. ಫೋನು, ಬಾಗಿಲು, ಅಳುವ ಮಕ್ಕಳು, ಎಲ್ಲ ನನ್ನ ತಲೆಗೇ ಬಿದ್ದಿದೆ. ಅಷ್ಟೇ ಅಲ್ಲ, ನಮ್ಮ ರೋನೆಟ್ ಮಾಡಿದ್ದನ್ನು ಕಾಗದದಲ್ಲಿ ಹೇಗೆ ಹೇಳುವುದೆಂದು ತೋಚಿಯೂ ಇರಲಿಲ್ಲ. ಅವಳ ಪ್ರದರ್ಶನಕ್ಕೆ ಬರಲಾಗಲಿಲ್ಲ, ಒಂದೂ ಬಿಡದೆ ಬರಿ ಎಂದು ಕೇಳಿದ್ದೀಯ. ಪಡೂಕಾ ಬಂದರಿನಲ್ಲಿ ಬೋಟು ನಿಲ್ಲುವ ಹೊತ್ತಿಗೆ ಇದು ನಿನ್ನ ಕೈ ಸೇರಬಹುದು.

ಮೊದಲು ಅತ್ತೆಯ ಸಮಾಚಾರ. ಮೊಣಕಾಲು ನೋವು ಇದ್ದದ್ದೇ. ಆದರೂ ಒಂದು ಭಾನುವಾರವೂ ಚರ್ಚು ತಪ್ಪಿಸಿಲ್ಲ. ಅಲ್ಲಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು, ಮಗ ಬಿಟ್ಟುಹೋದ ಸೊಸೆಯ ಮನೆಯಲ್ಲೇ ಇದ್ದೀರಂತಲ್ಲ ಎಂದು ಕೆಣಕಿದಳಂತೆ. "ಮಗನ್ನ ದೇವರು ಕೊಟ್ಟ, ಸೊಸೇನ ನಾನೇ ಆರಿಸ್ಕೊಂಡೆ. ಆರಿಸ್ಕೊಂಡಿದ್ದೇ ಬಾಳಿಕೆ ಬರೋದು" ಎಂದು ಅತ್ತೆ ಅವಳ ಬಾಯಿ ಮುಚ್ಚಿಸಿದರಂತೆ. ನಿನಗೆ ಬರೆಯಲೇಬೇಕೆಂದು ಅವರೇ ಹೇಳಿದ್ದು.

ಇನ್ನು ರೋನೆಟ್. ಅವಳ ಕಲಾ ಶಾಲೆಯ ಪದ್ಧತಿ ನಿನಗೆ ಗೊತ್ತು. ಸರ್ಕಾರಿ ಶಾಲೆಯೇ ಆದರೂ ಹಾಡಿಯೋ ಕುಣಿದೋ ಚಿತ್ರ ಬರೆದೋ ತೋರಿಸದೆ ಸೇರಿಸಿಕೊಳ್ಳುವುದಿಲ್ಲ. ಸೇರಿದ ಮೇಲೂ ವರ್ಷದ ಕೊನೆಗೆ ಮತ್ತೆ ತೋರಿಸಬೇಕು. ಸಾಲದು ಎಂದರೆ ನಮ್ಮ ಬಡಾವಣೆಯ ಶಾಲೆಗೆ ವಾಪಸು. ನಿನಗೆ ಗೊತ್ತಿಲ್ಲದ ಸಂಗತಿಯೆಂದರೆ, ಚಳಿಗಾಲಕ್ಕೆ ಮುಂಚೆಯೇ ಅವಳಿಗೆ ಎಚ್ಚರಿಕೆ ಕೊಟ್ಟಿದ್ದರು. ಅಪ್ಪನಿಗೆ ಹೇಳಬೇಡ ಎಂದಳು, ನಾನು ಹೇಳಲಿಲ್ಲ.

ಅವಳಿಗೆ ನಾಟಕ ಕಲಿಸುವ ಹಾಲಿಸ್ ಮೇಡಂ ಆಗ ನನ್ನನ್ನು ಕರೆಸಿದ್ದರು. ಕಾಯುತ್ತ ಮೊಗಸಾಲೆಯಲ್ಲಿ ಕೂತಿದ್ದೆ. ಒಬ್ಬ ಹುಡುಗಿ ಒಂದು ಕಾಲನ್ನು ತಲೆಯ ಮಟ್ಟಕ್ಕೆ ಗೋಡೆಗೆ ಚಾಚಿಕೊಂಡು, ಅದೇ ಭಂಗಿಯಲ್ಲಿ ನಿಂತು ಚರಿತ್ರೆಯ ಪುಸ್ತಕ ಓದುತ್ತಿದ್ದಳು. ಮೆಟ್ಟಿಲ ಕೆಳಗೆ ಯಾರೋ ಟ್ರಂಪೆಟ್‌ನಲ್ಲಿ ಒಂದೇ ಸಾಲನ್ನು ತಪ್ಪಾಗಿ ಊದಿ ಊದಿ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದರು. ಯಾರೂ ತಿರುಗಿ ನೋಡಲಿಲ್ಲ. ಅಲ್ಲಿ ತಪ್ಪು ಮಾಡುವುದಕ್ಕೆ ನಾಚಿಕೆಯಿಲ್ಲವೆಂದು ಕಾಣುತ್ತದೆ. ನಮ್ಮ ಹುಡುಗಿಯ ಕಷ್ಟ ಬೇರೆಯೇ, ಅವಳು ತಪ್ಪೇ ಮಾಡುವುದಿಲ್ಲವಂತೆ.

"ನಿಲ್ಲು ಅಂದ ಕಡೆ ನಿಲ್ತಾಳೆ. ಅಳು ಅಂದ್ರೆ ಅಳ್ತಾಳೆ. ಆದ್ರೆ ಒಳಗೆ ಯಾರೂ ಇರಲ್ಲ, ಖಾಲಿ ಮನೆ ಬಾಗಿಲು ತಟ್ಟಿ ವಾಪಸು ಬಂದ ಹಾಗಿರುತ್ತೆ" ಎಂದರು ಹಾಲಿಸ್ ಮೇಡಂ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ ಎಂದೂ ವಿವರಿಸಿದರು. ತಮ್ಮ ಮನೆಯವರನ್ನು ತಾವೇ ಅಭಿನಯಿಸಬೇಕು. ಮಾತು ತಾವೇ ಬರೆಯಬೇಕು, ವೇಷ ಹಾಕುವಂತಿಲ್ಲ, ರಂಗದ ಮೇಲೆ ಒಂದು ಕುರ್ಚಿ ಮಾತ್ರ. ಉಳಿಯುವುದೋ ಹೋಗುವುದೋ ಅದರ ಮೇಲೆ.

ಚಳಿಗಾಲವೆಲ್ಲ ಹುಡುಗಿ ಮನೆಯಲ್ಲಿ ಕಳ್ಳಬೆಕ್ಕಿನ ಹಾಗೆ ಓಡಾಡಿದಳು. ಊಟಕ್ಕೆ ಕೂತರೆ ಅತ್ತೆಯ ಕೈಯನ್ನೇ ದಿಟ್ಟಿಸುವಳು. ಪಕ್ಕದ ಮನೆಯ ಕ್ರೆನ್ಶಾ ತನ್ನ ನಾಯಿಗೆ ಬುದ್ಧಿ ಹೇಳುವುದನ್ನು ಬೇಲಿಯ ಹಿಂದೆ ನಿಂತು ಕೇಳುವಳು. ಫೆಬ್ರವರಿಯಲ್ಲಿ ನೀನು ಬಂದು ಅರ್ಧ ದಿನ ಇದ್ದು ಹೋದೆಯಲ್ಲ, ಅವತ್ತು ನಿನ್ನ ಹಿಂದೆ ಹಿಂದೆಯೇ ಇದ್ದಳು. ಅಪ್ಪನ ಮೇಲೆ ಅಕ್ಕರೆ ಉಕ್ಕಿದೆ ಅಂದುಕೊಂಡೆ. ಇದ್ದಿರಲೂಬಹುದು.

ಪ್ರದರ್ಶನ ಹೋದ ತಿಂಗಳು ಒಂದು ಗುರುವಾರ ಮಧ್ಯಾಹ್ನ ಇತ್ತು. ನಾನು ರಜೆ ಹಾಕಿದೆ. ಅತ್ತೆ ಈಸ್ಟರಿನ ನೇರಳೆ ಟೋಪಿ ಹಾಕಿಕೊಂಡರು. ಹಿಂದೆ ಕೂತವರಿಗೆ ಕಾಣುವುದಿಲ್ಲ ತೆಗೆಯಿರಿ ಎಂದರೆ, ಮೊಮ್ಮಗಳಿಗೆ ನಾನು ಕಂಡರೆ ಸಾಕು ಎಂದರು. ಗೋಡೆಗೆಲ್ಲ ಕಪ್ಪು ಬಳಿದ ಚಿಕ್ಕ ಕೋಣೆ. ಮುಂದಿನ ಮೇಜಿನಲ್ಲಿ ಹಾಲಿಸ್ ಮೇಡಂ, ಇನ್ನಿಬ್ಬರು ಮೇಷ್ಟ್ರುಗಳು.

ರೋನೆಟ್ ಬಂದು ಕುರ್ಚಿಯ ಮೇಲೆ ಕೂತಳು. ಕೂತ ರೀತಿಗೇ ನನಗೆ ತಿಳಿಯಿತು, ಅದು ಅತ್ತೆ. ಮೊದಲು ಕುರ್ಚಿಯ ಬೆನ್ನನ್ನು ಒಂದು ಕೈಯಿಂದ ಹಿಡಿದು, ಅದು ಓಡಿಹೋಗುತ್ತದೇನೋ ಎಂಬಂತೆ ನೋಡಿ, ಆಮೇಲೆ ಮೈ ಇಳಿಸುತ್ತಾರಲ್ಲ, ಹಾಗೆ. ಕೆಮ್ಮಿದಳು. ಕೆಮ್ಮು ಮುಗಿಯುವ ಮುಂಚೆ ಇನ್ನೊಬ್ಬರ ಮಾತಿಗೆ ಅಡ್ಡ ಬಂದಳು. ಜನ ನಕ್ಕರು. ಅತ್ತೆ ಪಕ್ಕದ ಸಾಲಿನವರನ್ನೆಲ್ಲ ತಟ್ಟಿ, ಅದು ನಾನೇ, ಅದು ನಾನೇ ಎಂದು ಹೇಳಿಕೊಂಡರು.

ಆಮೇಲೆ ಕ್ರೆನ್ಶಾ, ಅವನ ನಂತರ ಅವನ ನಾಯಿ. ನಾಯಿ ಕ್ರೆನ್ಶಾನಿಗಿಂತ ಗಂಭೀರವಾಗಿತ್ತು. ಬಸ್ಸಿನ ಡ್ರೈವರೂ ಬಂದ.

ಆಮೇಲೆ ನೀನು. ಕುರ್ಚಿ ಬಿಟ್ಟು ಎದ್ದು, ಬಾಗಿಲಿದೆ ಎಂದು ನಾವು ಅಂದುಕೊಳ್ಳಬೇಕಾದ ಜಾಗದಲ್ಲಿ ನಿಂತಳು. ಒಂದು ಭುಜ ಚೌಕಟ್ಟಿಗೆ ಒರಗಿ, ಬಲಗೈ ಜೇಬಿನಲ್ಲಿ ಬೀಗದ ಕೈ ಆಡಿಸುತ್ತ. ಜೇಬಿನಲ್ಲಿ ಏನೂ ಇರಲಿಲ್ಲ, ಆದರೂ ಆ ಸದ್ದು ನನಗೆ ಕೇಳಿಸಿತು. "ಎಲ್ಲ ಚೆನ್ನಾಗಿದ್ಯಲ್ಲ? ಚೆನ್ನಾಗಿದೆ. ಸ್ಕೂಲು? ಒಳ್ಳೇದು, ಒಳ್ಳೇದು" ಎಂದಳು. ಕೇಳುವವನೂ ನೀನೇ, ಉತ್ತರ ಹೇಳುವವನೂ ನೀನೇ. ಮೊದಲು ನಗು ಬಂತು. ಅಜ್ಜಿಯ ದನಿಯಲ್ಲಿ "ಕೂತ್ಕೊಳೋ, ಮೀನು ಕರಿದಿದೆ" ಎಂದಳು. ನಿನ್ನ ದನಿಯಲ್ಲಿ "ಕೂರ್ತೀನಿ, ಕೂರ್ತೀನಿ" ಎಂದಳು. ಕೂರಲಿಲ್ಲ. ಅದನ್ನೇ ಮತ್ತೆ ಮತ್ತೆ ಮಾಡಿದಳು, ಪ್ರತಿ ಸಲ ಕುರ್ಚಿಗೆ ಒಂದು ಹೆಜ್ಜೆ ಹತ್ತಿರ ಬಂದು, ಹಿಂದೆ ಸರಿದು. ಯಾವಾಗ ನಗು ನಿಂತಿತೋ ನನಗೆ ಗೊತ್ತಾಗಲಿಲ್ಲ. ಕೊನೆಗೆ ಆ ಖಾಲಿ ಕುರ್ಚಿಯ ಬೆನ್ನು ಸವರಿ, ಅದಕ್ಕೆ "ದೊಡ್ಡವಳಾಗಿದ್ದೀಯ ಕಣೇ" ಎಂದು ಹೇಳಿ ಹೊರಟುಹೋದಳು. ಮುಗಿಯಿತು.

ನಿನ್ನನ್ನು ಆಡಿಕೊಂಡಳೆಂದು ತಿಳಿಯಬೇಡ. ಮೂದಲಿಕೆ ಇರಲಿಲ್ಲ. ನಾನೂ ನಿನ್ನ ಮೇಲೆ ಏನನ್ನೂ ಹೊರಿಸಲು ಇದನ್ನು ಬರೆಯುತ್ತಿಲ್ಲ. ಆ ಕೋಣೆಯಲ್ಲಿ ನೀನಿದ್ದೆ, ಅಷ್ಟು ಸ್ಪಷ್ಟವಾಗಿದ್ದೆ. ಅತ್ತೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮನೆಗೆ ಬಂದ ಮೇಲೆ ಅಂದದ್ದು, "ನನ್ನ ಮಗನ್ನ ನೋಡೋಕೆ ಅಷ್ಟು ದೂರ ಹೋಗ್ಬೇಕಾಯ್ತು."

ಅವಳನ್ನು ಉಳಿಸಿಕೊಂಡರು. ಹಾಲಿಸ್ ಮೇಡಂ ಬಾಗಿಲವರೆಗೂ ಬಂದು ಅವಳ ಭುಜ ಹಿಡಿದು, ಈಗ ಒಳಗೆ ಮನೆತುಂಬ ಜನ ಇದ್ದಾರೆ ಎಂದರು. ಮುಂದಿನ ವರ್ಷದ ದೊಡ್ಡ ನಾಟಕದಲ್ಲಿ ಅವಳಿಗೊಂದು ಪಾತ್ರವೂ ಇದೆ. ಅವಳೇ ನಿನಗೆ ಫೋನಿನಲ್ಲಿ ಹೇಳುತ್ತಾಳಂತೆ, ಆದ್ದರಿಂದ ಗೊತ್ತಿಲ್ಲದವನ ಹಾಗೆ ಕೇಳು. ಸಾಧ್ಯವಾದರೆ ಜೂನಿನಲ್ಲಿ ಬಂದಾಗ ಅವಳ ಜೊತೆ ಒಂದು ಊಟ ಕೂತು ಮಾಡು. ಅವಳು ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ.

ನದಿಗೆ ಮಂಜು ಇಳಿದಾಗ ಆತುರ ಮಾಡಬೇಡ. ಅತ್ತೆ ದಿನವೂ ಊಟಕ್ಕೆ ಮುಂಚೆ ನಿನ್ನ ಹೆಸರು ಹೇಳಿ ನಿನ್ನನ್ನು ದೇವರ ಕೈಗೆ ಒಪ್ಪಿಸುತ್ತಾರೆ. ಆಮೆನ್ ಎನ್ನುವಾಗ ನಾನೂ ದನಿಗೂಡಿಸುತ್ತೇನೆ. ನೀರು ನಿನ್ನನ್ನು ಚೆನ್ನಾಗಿ ನಡೆಸಿಕೊಳ್ಳಲಿ.

ವರ್ನೀಟಾ

ಮರೆತ ಮಾತು: ಕಾಗದದ ಕೊನೆಗೆ ನೀನು, "ನಿನ್ನನ್ನ ಹೇಗೆ ಮಾಡಿದ್ಲು?" ಎಂದು ಕೇಳಿದ್ದೆ. ಅದಕ್ಕೆ ಉತ್ತರ ಬರೆಯದೆ ಸಹಿ ಹಾಕಿಬಿಟ್ಟೆ. ಅದರಲ್ಲಿ ನಾನು ಇರಲಿಲ್ಲ, ಲೋವೆಲ್. ನಾಯಿ ಇತ್ತು, ಬಸ್ಸಿನ ಡ್ರೈವರ್ ಇದ್ದ, ನಾನಿರಲಿಲ್ಲ. ಮೀನು ಯಾರು ಕರಿದರೆಂದು ಯಾರೂ ಹೇಳಲಿಲ್ಲ. ನಾನಾಗಿ ಕೇಳಬಾರದೆಂದಿದ್ದೆ. ಮಾರನೆಯ ದಿನ ಕಾರಿನಲ್ಲಿ ಅವಳೇ ಹೇಳಿದಳು: "ನಿನ್ನನ್ನೂ ಮಾಡೋಣ ಅಂತಲೇ ಇದ್ದೆ ಅಮ್ಮ. ಎಷ್ಟೋ ಸಲ ಕನ್ನಡಿ ಮುಂದೆ ನಿಂತೆ. ನೀನು ಹೇಗೆ ನಡೀತೀಯ ಅಂತ ನೆನಪೇ ಆಗ್ಲಿಲ್ಲ. ನೀನು ಯಾವಾಗ್ಲೂ ಇರ್ತೀಯಲ್ಲ." ಪರವಾಗಿಲ್ಲ ಎಂದೆ. ಅವಳನ್ನು ಶಾಲೆಯ ಹತ್ತಿರ ಇಳಿಸಿ, ಆಫೀಸಿನ ಬೀದಿಯಲ್ಲಿ ಕಾರು ನಿಲ್ಲಿಸಿ, ಬ್ಯಾಂಕಿನ ದೊಡ್ಡ ಗಾಜಿನ ಪಕ್ಕ ನಿಧಾನವಾಗಿ ನಡೆಯುತ್ತ ನನ್ನನ್ನು ನೋಡಿಕೊಂಡೆ. ನನ್ನ ಎಡಗಾಲು ಒಂದಿಷ್ಟು ಎಳೆಯುತ್ತದೆ. ನಿನಗೆ ಅದು ಗೊತ್ತಿತ್ತೇ?